ಊರಿನ ಹೆಸರು ‘ತ’ ಎಂದಷ್ಟೇ ಬಂದರೆ: ಎಸ್‌ಕ್ಯೂಎಲ್ ಸ್ಟ್ರಿಂಗ್ ವೇರಿಯಬಲ್‌ಗಳ ದೋಷ ನಿವಾರಣೆ ಕೈಪಿಡಿ

ತಿಪಟೂರಿನ ಕೊಬ್ಬರಿ ಮಂಡಿಯೊಂದರ ಗುಮಾಸ್ತರು ಒಂದು ಬೆಳಿಗ್ಗೆ ಫೋನ್ ಮಾಡಿ, ‘ಸಾರ್, ತೂಕದ ಚೀಟಿಯಲ್ಲಿ ರೈತರ ಹೆಸರು ಸರಿಯಾಗಿದೆ, ತೂಕವೂ ಸರಿಯಾಗಿದೆ, ಊರಿನ ಜಾಗದಲ್ಲಿ ಮಾತ್ರ ಬರೀ ತ ಅಂತ ಬರ್ತಿದೆ’ ಎಂದರು. ಪ್ರಿಂಟರ್ ಕೆಟ್ಟಿರಬೇಕೆಂದು ಅವರೂ, ಫಾಂಟ್ ಹೋಗಿರಬೇಕೆಂದು ನಾನೂ ಅರ್ಧ ದಿನ ಕಳೆದೆವು. ಕೊನೆಗೆ ದೋಷ ಸಿಕ್ಕಿದ್ದು ಹಿಂದಿನ ಸಂಜೆ ನಾನೇ ಬರೆದಿದ್ದ ಒಂದು ಸಾಲಿನಲ್ಲಿ:

ಡಿಕ್ಲೇರ್ @ಊರು ಎನ್‌ವಾರ್‌ಚಾರ್ = ಎನ್'ತಿಪಟೂರು';

ಎನ್‌ವಾರ್‌ಚಾರ್ ಎಂಬುದರ ಮುಂದೆ ಆವರಣದೊಳಗೆ ಉದ್ದವನ್ನು ಬರೆಯಲು ನಾನು ಮರೆತಿದ್ದೆ. (ಡಿಕ್ಲೇರ್ ಎಂದರೆ ಘೋಷಣೆ; @ಊರು ಎಂಬುದು ಪಠ್ಯವನ್ನು ಹಿಡಿದಿಡುವ ಪಾತ್ರೆ, ಅಂದರೆ ಸ್ಟ್ರಿಂಗ್ ವೇರಿಯಬಲ್; ಎನ್‌ವಾರ್‌ಚಾರ್ ಅದರ ಪ್ರಕಾರ.) ಎಸ್‌ಕ್ಯೂಎಲ್ ಸರ್ವರ್ (ನಾವು ಬಳಸುವ ಡೇಟಾಬೇಸ್ ತಂತ್ರಾಂಶ) ಅದನ್ನು ತಪ್ಪೆಂದು ಎಣಿಸಲಿಲ್ಲ, ಎಚ್ಚರಿಕೆಯನ್ನೂ ಕೊಡಲಿಲ್ಲ. ಉದ್ದ ಹೇಳದ ಘೋಷಣೆಗೆ ಉದ್ದ 1 ಎಂಬ ತನ್ನ ನಿಯಮವನ್ನು ಪಾಲಿಸಿ, ‘ತಿ’ಯಲ್ಲಿರುವ ಗುಣಿತವನ್ನೂ ಬಿಟ್ಟು ಬರಿಯ ‘ತ’ವನ್ನು ಉಳಿಸಿಕೊಂಡಿತು.

ಸ್ಟ್ರಿಂಗ್ ವೇರಿಯಬಲ್‌ಗಳ ದೋಷಗಳಲ್ಲಿ ಬಹುಪಾಲು ಹೀಗೆ ಘೋಷಣೆಯ ಸಾಲಿನಲ್ಲಿಯೇ ಹುಟ್ಟಿ, ಬಹಳ ದೂರದಲ್ಲಿ, ಚೀಟಿಯ ಮೇಲೋ ವರದಿಯಲ್ಲೋ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಈ ಕೈಪಿಡಿಯನ್ನು ಕಣ್ಣಿಗೆ ಬೀಳುವ ಲಕ್ಷಣಗಳ ಪ್ರಕಾರ ಬರೆದಿದ್ದೇನೆ. ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಅನ್ನು ಮುಖ್ಯವಾಗಿ ಇಟ್ಟುಕೊಂಡಿದ್ದೇನೆ. ಮೈಎಸ್‌ಕ್ಯೂಎಲ್ ಮತ್ತು ಒರಾಕಲ್‌ಗಳಲ್ಲಿ ಬೇರೆಯಾಗಿರುವ ಅಂಶಗಳು ಕೊನೆಯ ಭಾಗದಲ್ಲಿವೆ. ಇಲ್ಲಿನ ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ. ಕೀಲಿಮಣೆಯಲ್ಲಿ ಆದೇಶದ ಪದಗಳನ್ನೂ ವೇರಿಯಬಲ್‌ಗಳ ಹೆಸರನ್ನೂ ಇಂಗ್ಲಿಷ್ ಅಕ್ಷರಗಳಲ್ಲಿಯೇ ಒತ್ತಬೇಕು, ಉದ್ಧರಣ ಚಿಹ್ನೆಗಳ ಒಳಗಿನ ಕನ್ನಡವನ್ನು ಮಾತ್ರ ಕನ್ನಡದಲ್ಲಿ.

## ಕೈ ಹಾಕುವ ಮುನ್ನ

ಪರೀಕ್ಷೆಯನ್ನು ಡೇಟಾಬೇಸ್‌ನ ಪ್ರತಿಯ ಮೇಲೆ ಮಾಡಬೇಕು. ಪ್ರತಿ ಇಲ್ಲದಿದ್ದರೆ, ಮೊದಲು ಬ್ಯಾಕಪ್ ತೆಗೆದು, ಆ ಬ್ಯಾಕಪ್ ಬೇರೊಂದು ಹೆಸರಿನಲ್ಲಿ ತೆರೆದುಕೊಳ್ಳುತ್ತದೆಯೇ ಎಂದು ನೋಡಿ ಮುಂದುವರಿಯಬೇಕು. ಅಪ್‌ಡೇಟ್ ಅಥವಾ ಡಿಲೀಟ್ ಆದೇಶದಲ್ಲಿ ಸ್ಟ್ರಿಂಗ್ ವೇರಿಯಬಲ್ ಬಳಕೆಯಾಗುತ್ತಿದ್ದರೆ, ಅದೇ ಷರತ್ತನ್ನು ಮೊದಲು ಸೆಲೆಕ್ಟ್ ಆದೇಶಕ್ಕೆ ಹಾಕಿ, ಎಷ್ಟು ಸಾಲುಗಳು ಬರುತ್ತವೆ ಎಂದು ಎಣಿಸಬೇಕು.

ಇದು ಬರಿಯ ಶಾಸ್ತ್ರದ ಮಾತಲ್ಲ. ರೈತರ ಸಂಕೇತ ಸಂಖ್ಯೆ ಇಂಗ್ಲಿಷಿನ ‘ಟಿಪಿಟಿ-017’ ಎಂದಿದೆ ಎನ್ನಿ. ಆ ಸಂಕೇತದಿಂದ ಆರಂಭವಾಗುವ ಹಳೆಯ ಚೀಟಿಗಳನ್ನು ಅಳಿಸಲು ಲೈಕ್ @ಸಂಕೇತ + '%' ಎಂಬ ಷರತ್ತನ್ನು ಬರೆದು, ವೇರಿಯಬಲ್ ಘೋಷಿಸುವಾಗ ಉದ್ದವನ್ನು ಮರೆತರೆ, ವೇರಿಯಬಲ್‌ನಲ್ಲಿ ಉಳಿಯುವುದು ‘ಟಿ’ ಎಂಬ ಒಂದೇ ಅಕ್ಷರ. ತಿಪಟೂರು, ತುರುವೇಕೆರೆ, ತುಮಕೂರು ಮೂರೂ ಇಂಗ್ಲಿಷಿನಲ್ಲಿ ಅದೇ ಅಕ್ಷರದಿಂದ ಆರಂಭವಾಗುತ್ತವೆ. ಒಂದು ಆದೇಶಕ್ಕೆ ಮೂರು ತಾಲ್ಲೂಕಿನ ಚೀಟಿಗಳು ಹೋಗುತ್ತವೆ.

ಬಿಗಿನ್ ಟ್ರಾನ್ ಹಾಕಿ ನಡೆಸಿ, ಫಲಿತಾಂಶ ನೋಡಿ, ರೋಲ್‌ಬ್ಯಾಕ್ ಮಾಡುವುದು, ಅಂದರೆ ಮಾಡಿದ್ದನ್ನು ಹಿಂದಕ್ಕೆ ಪಡೆಯುವುದು, ಒಳ್ಳೆಯ ಅಭ್ಯಾಸ. ಆದರೆ ವ್ಯವಹಾರದ ಹೊತ್ತಿನಲ್ಲಿ ಅದನ್ನು ತೆರೆದಿಟ್ಟು ಕಾಫಿಗೆ ಎದ್ದು ಹೋದರೆ, ಆ ಟೇಬಲ್ ಬೀಗ ಬಿದ್ದಂತೆ ನಿಂತು, ಕೌಂಟರಿನ ಕೆಲಸವೂ ನಿಲ್ಲುತ್ತದೆ.

## ಲಕ್ಷಣ: ಆದೇಶ ನಡೆಯದೆ ಕೆಂಪು ಅಕ್ಷರದ ಸಂದೇಶ ಬರುತ್ತದೆ

ಇದು ಎಲ್ಲಕ್ಕಿಂತ ಸುಲಭವಾದ ದೋಷ, ಏಕೆಂದರೆ ಇಲ್ಲಿ ಸರ್ವರ್ ಬಾಯಿ ಬಿಟ್ಟು ಹೇಳುತ್ತದೆ. ಸಂದೇಶದ ಸಂಖ್ಯೆಯನ್ನು ಮೊದಲು ನೋಡಿ.

ಸಂಖ್ಯೆ 137 ಎಂದರೆ ವೇರಿಯಬಲ್ ಘೋಷಣೆಯಾಗಿಲ್ಲ ಎಂದರ್ಥ. ‘ಮೇಲೆಯೇ ಘೋಷಿಸಿದ್ದೇನಲ್ಲ’ ಎಂದು ಅನ್ನಿಸಿದರೆ, ಆದೇಶದ ಸ್ವಲ್ಪ ಭಾಗವನ್ನು ಮಾತ್ರ ಮೌಸ್‌ನಿಂದ ಆಯ್ದು ನಡೆಸಿದ್ದೀರಾ ಎಂದು ಪರೀಕ್ಷಿಸಿ. ಮ್ಯಾನೇಜ್‌ಮೆಂಟ್ ಸ್ಟುಡಿಯೋ (ಆದೇಶ ಬರೆದು ನಡೆಸುವ ಉಪಕರಣ) ಆಯ್ದ ಭಾಗವನ್ನಷ್ಟೇ ಸರ್ವರ್‌ಗೆ ಕಳಿಸುವುದರಿಂದ ಡಿಕ್ಲೇರ್ ಸಾಲು ಹೊರಗೇ ಉಳಿದಿರುತ್ತದೆ. ಅದಲ್ಲವಾದರೆ, ಘೋಷಣೆಗೂ ಬಳಕೆಗೂ ನಡುವೆ ‘ಗೋ’ ಎಂಬ ಸಾಲು ಇದೆಯೇ ನೋಡಿ. ಗೋ ಎಂಬುದು ಎಸ್‌ಕ್ಯೂಎಲ್ ಆದೇಶವೇ ಅಲ್ಲ. ಇಲ್ಲಿಯವರೆಗಿನದನ್ನು ಒಂದು ಕಂತಾಗಿ ಕಳಿಸು ಎಂದು ಉಪಕರಣಕ್ಕೆ ಕೊಡುವ ಸೂಚನೆ. ವೇರಿಯಬಲ್‌ನ ಆಯುಷ್ಯ ಆ ಕಂತಿನೊಂದಿಗೆ ಮುಗಿಯುತ್ತದೆ. ಇವೆರಡೂ ಇಲ್ಲದಿದ್ದರೆ ಹೆಸರಿನ ಕಾಗುಣಿತವನ್ನು ಅಕ್ಷರ ಅಕ್ಷರವಾಗಿ ಹೋಲಿಸಿ. ಸರ್ವರ್‌ನ ಕೊಲೇಷನ್ (ಅಕ್ಷರಗಳನ್ನು ಹೋಲಿಸುವ, ವಿಂಗಡಿಸುವ ನಿಯಮ) ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆಯಾಗಿ ಕಾಣುವಂಥದ್ದಾಗಿದ್ದರೆ ವೇರಿಯಬಲ್‌ನ ಹೆಸರಿಗೂ ಆ ಭೇದ ಅನ್ವಯಿಸುತ್ತದೆ.

ಸಂಖ್ಯೆ 207, ಅಂದರೆ ಇಂಥ ಕಾಲಂ ಇಲ್ಲ ಎಂಬ ಸಂದೇಶ, ಸ್ಟ್ರಿಂಗ್ ಅನ್ನು ಜೋಡಿ ಉದ್ಧರಣ ಚಿಹ್ನೆಯಲ್ಲಿ ಬರೆದಾಗ ಬರುತ್ತದೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಜೋಡಿ ಚಿಹ್ನೆಯೊಳಗಿನದು ಕಾಲಂನ ಹೆಸರು, ಒಂಟಿ ಚಿಹ್ನೆಯೊಳಗಿನದು ಪಠ್ಯ. ವೇರಿಯಬಲ್‌ನ ಮುಂದಿನ @ ಚಿಹ್ನೆಯನ್ನು ಬಿಟ್ಟರೂ ಇದೇ ಸಂದೇಶ ಬರುತ್ತದೆ.

ಸಂಖ್ಯೆ 102 ಬಂದು, ಕಣ್ಣಿಗೆ ಎಲ್ಲವೂ ಸರಿಯಾಗಿದ್ದರೆ, ಆ ಆದೇಶ ವಾಟ್ಸ್ಆ್ಯಪ್‌ನಿಂದಲೋ ವರ್ಡ್ ಕಡತದಿಂದಲೋ ನಕಲಾಗಿ ಬಂದಿದೆಯೇ ಎಂದು ವಿಚಾರಿಸಿ. ಅಲ್ಲಿನ ಬಾಗಿದ ಉದ್ಧರಣ ಚಿಹ್ನೆ ಸರ್ವರ್‌ಗೆ ಉದ್ಧರಣ ಚಿಹ್ನೆಯೇ ಅಲ್ಲ. ಅಳಿಸಿ, ಕೀಲಿಮಣೆಯಿಂದ ನೇರವಾದ ಒಂಟಿ ಚಿಹ್ನೆಯನ್ನು ಒತ್ತಬೇಕು. ಸಂಖ್ಯೆ 105, ಅಂದರೆ ಉದ್ಧರಣ ಮುಚ್ಚಿಲ್ಲ ಎಂಬುದು, ಪಠ್ಯದೊಳಗೇ ಒಂಟಿ ಚಿಹ್ನೆ ಇದ್ದಾಗ ಬರುತ್ತದೆ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಗ್ರಾಹಕರ ಪಟ್ಟಿಯಲ್ಲಿ ಡಿ'ಕ್ರೂಜ್, ಡಿ'ಸೋಜ ಎಂಬ ಹೆಸರುಗಳು ಇರಬಹುದು. ಅಂಥಲ್ಲಿ ಒಳಗಿನ ಚಿಹ್ನೆಯನ್ನು ಎರಡು ಸಲ ಒತ್ತಿ ಡಿ''ಸೋಜ ಎಂದು ಬರೆಯಬೇಕು. ಅವು ಎರಡು ಒಂಟಿ ಚಿಹ್ನೆಗಳು, ಒಂದು ಜೋಡಿ ಚಿಹ್ನೆಯಲ್ಲ.

## ಲಕ್ಷಣ: ಪಠ್ಯ ತುಂಡಾಗಿದೆ, ಆದರೆ ಯಾವ ಸಂದೇಶವೂ ಇಲ್ಲ

ಪಠ್ಯ ಎಷ್ಟನೆಯ ಅಕ್ಷರಕ್ಕೆ ನಿಂತಿದೆ ಎಂಬುದೇ ಕಾರಣವನ್ನು ಹೇಳಿಬಿಡುತ್ತದೆ. ಲೆನ್ ಎಂಬ ಫಂಕ್ಷನ್‌ನಿಂದ ಉದ್ದವನ್ನು ಅಳೆಯಿರಿ.

ಉದ್ದ 1 ಎಂದು ಬಂದರೆ, ಘೋಷಣೆಯಲ್ಲಿ ಆವರಣ ಮತ್ತು ಸಂಖ್ಯೆ ಬಿಟ್ಟುಹೋಗಿದೆ. ಒಂದೇ ಡಿಕ್ಲೇರ್‌ನಲ್ಲಿ ಹಲವು ವೇರಿಯಬಲ್‌ಗಳನ್ನು ಘೋಷಿಸುವಾಗ ಇದು ಹೆಚ್ಚು. ಮೊದಲನೆಯದಕ್ಕೆ ವಾರ್‌ಚಾರ್(50) ಎಂದು ಬರೆದು, ಎರಡನೆಯದಕ್ಕೆ ಬರಿಯ ವಾರ್‌ಚಾರ್ ಎಂದು ಬಿಟ್ಟರೆ, ಮೊದಲಿನ 50 ಎರಡನೆಯದಕ್ಕೆ ಹರಿದು ಬರುವುದಿಲ್ಲ. ಉದ್ದ 30 ಎಂದು ಬಂದರೆ, ಘೋಷಣೆ ಸರಿಯಿದ್ದು, ಮುಂದೆ ಎಲ್ಲೋ ಕಾಸ್ಟ್ ಅಥವಾ ಕನ್ವರ್ಟ್ ಬಳಸುವಾಗ ಉದ್ದ ಬಿಟ್ಟುಹೋಗಿದೆ. ಉದ್ದ ಹೇಳದಿದ್ದಾಗ ಆ ಎರಡು ಫಂಕ್ಷನ್‌ಗಳು ಹಿಡಿಯುವುದು 30ನ್ನು, 1ನ್ನಲ್ಲ. ಒಂದೇ ಪದಕ್ಕೆ ಎರಡು ಕಡೆ ಎರಡು ನಿಯಮ ಏಕಿರಬೇಕೋ ನನಗೆ ಇಂದಿಗೂ ಹಿಡಿಸಿಲ್ಲ, ಆದರೆ ವಿಳಾಸಗಳು ಸರಿಯಾಗಿ 30ಕ್ಕೆ ನಿಂತಿದ್ದನ್ನು ಕಂಡಾಗಲೆಲ್ಲ ಈ ನಿಯಮ ಕೆಲಸಕ್ಕೆ ಬಂದಿದೆ. ಉದ್ದ 256 ಎಂದು ಕಂಡರೆ ಬಹುಶಃ ನಿಮ್ಮ ಡೇಟಾ ಕ್ಷೇಮವಾಗಿಯೇ ಇದೆ. ಮ್ಯಾನೇಜ್‌ಮೆಂಟ್ ಸ್ಟುಡಿಯೋ ಫಲಿತಾಂಶವನ್ನು ಪಠ್ಯರೂಪದಲ್ಲಿ ತೋರಿಸುವಾಗ ಒಂದು ಕಾಲಂಗೆ ಅಷ್ಟನ್ನೇ ತೋರಿಸುವಂತೆ ಹೊಂದಿಸಲಾಗಿರುತ್ತದೆ.

ಬೇರೆ ಯಾವುದಾದರೂ ಸಂಖ್ಯೆಗೆ ನಿಂತಿದ್ದರೆ, ಘೋಷಣೆಯಲ್ಲಿ ಬರೆದ ಉದ್ದವೇ ಸಾಲದಾಗಿದೆ. ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ತುಮಕೂರಿನ ಹಳೆಯ ಇಂಗ್ಲಿಷ್ ಕಾಗುಣಿತಕ್ಕೆ 6 ಅಕ್ಷರ ಸಾಕಾಗುತ್ತಿತ್ತು; 2014ರ ನವೆಂಬರ್ 1ರಂದು ಅಧಿಕೃತ ಕಾಗುಣಿತ ಬದಲಾಗಿ 8 ಅಕ್ಷರವಾಯಿತು. ಹಳೆಯ ಪ್ರೊಸೀಜರ್‌ನಲ್ಲಿ (ಸರ್ವರ್‌ನಲ್ಲಿ ಉಳಿಸಿಟ್ಟ ಆದೇಶಗಳ ಕಟ್ಟಿನಲ್ಲಿ) ಜಿಲ್ಲೆಯ ಹೆಸರಿಗೆ ವಾರ್‌ಚಾರ್(6) ಎಂದು ಯಾರಾದರೂ ಬರೆದಿದ್ದರೆ, ಹೊಸ ಹೆಸರು ಅಲ್ಲಿ ‘ತುಮಾಕು’ ಎಂದು ಓದಿಕೊಳ್ಳಬೇಕಾದ ತುಂಡಾಗಿ ಕೂರುತ್ತದೆ, ಮತ್ತು ಆ ಹೆಸರಿನಲ್ಲಿ ಹುಡುಕಿದರೆ ಒಂದು ಸಾಲೂ ಸಿಗುವುದಿಲ್ಲ. ಪ್ರೊಸೀಜರ್‌ನ ಪ್ಯಾರಾಮೀಟರ್‌ಗೂ ಇದೇ ನಿಯಮ: ಉದ್ದ ಮೀರಿದ ಪಠ್ಯವನ್ನು ಅದು ಸದ್ದಿಲ್ಲದೆ ಕತ್ತರಿಸಿಕೊಳ್ಳುತ್ತದೆ.

ಕನ್ನಡ ಪಠ್ಯಕ್ಕೆ ಉದ್ದವನ್ನು ಲೆಕ್ಕ ಹಾಕುವಾಗ ಇನ್ನೊಂದು ಎಚ್ಚರ ಬೇಕು. ನಾವು ಎಣಿಸುವ ಅಕ್ಷರ ಬೇರೆ, ಕಂಪ್ಯೂಟರ್ ಎಣಿಸುವ ಯೂನಿಕೋಡ್ ಘಟಕ ಬೇರೆ. ‘ಚಿಕ್ಕನಾಯಕನಹಳ್ಳಿ’ ನಮ್ಮ ಲೆಕ್ಕದಲ್ಲಿ 8 ಅಕ್ಷರ. ಗುಣಿತ, ವಿರಾಮ, ಒತ್ತಕ್ಷರಗಳನ್ನು ಬಿಡಿಸಿ ಎಣಿಸಿದರೆ 15 ಘಟಕ. ಎಂಟೇ ಅಕ್ಷರವೆಂದು ನಂಬಿ ಎನ್‌ವಾರ್‌ಚಾರ್(8) ಎಂದು ಘೋಷಿಸಿದವರಿಗೆ ಸಿಗುವುದು ‘ಚಿಕ್ಕನಾಯ’. ಆ ಚೀಟಿಯನ್ನು ಕೈಯಲ್ಲಿ ಹಿಡಿದ ಊರಿನವರು ಮುನಿಸಿಕೊಂಡರೆ ಅವರದ್ದೇನೂ ತಪ್ಪಿಲ್ಲ. ಉದ್ದವನ್ನು 13 ಎಂದು ಬರೆದರೆ ‘ಚಿಕ್ಕನಾಯಕನಹಳ್’ ಎಂದಾಗುತ್ತದೆ. ಊರಿನ ಹೆಸರು ಹೀಗೆ ಅರ್ಧಾಕ್ಷರದಲ್ಲಿ ಕೊನೆಗೊಂಡಿದ್ದರೆ, ‘ಗುಬ್ಬಿ’ ಎಂಬುದು ‘ಗುಬ್’ ಎಂದು ಬಂದಿದ್ದರೆ, ಬೇರೇನನ್ನೂ ಹುಡುಕಬೇಕಾಗಿಲ್ಲ. ಒತ್ತಕ್ಷರದ ನಡುವೆಯೇ ಕತ್ತರಿ ಬಿದ್ದಿದೆ.

ಪರಿಹಾರವೆಂದರೆ, ವೇರಿಯಬಲ್‌ನ ಪ್ರಕಾರ ಮತ್ತು ಉದ್ದ ಎರಡನ್ನೂ ಟೇಬಲ್‌ನ ಕಾಲಂಗೆ ಸರಿಯಾಗಿ ಹೊಂದಿಸುವುದು. ಕಾಲಂನ ಉದ್ದವನ್ನು ನೆನಪಿನಿಂದ ಹೇಳದೆ, ಎಸ್‌ಪಿ_ಹೆಲ್ಪ್ ಆದೇಶದಿಂದ ನೋಡಿ ಬರೆಯಿರಿ. ಅಲ್ಲಿ ಎನ್‌ವಾರ್‌ಚಾರ್‌ನ ಉದ್ದ ಬೈಟ್‌ಗಳಲ್ಲಿ, ಅಂದರೆ ಇಮ್ಮಡಿಯಾಗಿ ಕಾಣುತ್ತದೆ ಎಂಬುದು ನೆನಪಿರಲಿ. ಎಲ್ಲ ಕಡೆಯೂ ಮ್ಯಾಕ್ಸ್ ಎಂದು ಬರೆದು ತಲೆನೋವು ಕಳೆದುಕೊಳ್ಳೋಣವೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಊರಿನ ಹೆಸರಿಗೆ 2 ಗಿಗಾಬೈಟ್ ಜಾಗ ಕೇಳುವುದು ಅನಗತ್ಯ.

ಹೀಗೆ ಉದ್ದ ಸರಿಪಡಿಸಿದ ಮೇಲೆ, ಟೇಬಲ್‌ಗೆ ಸೇರಿಸುವ ಹಂತದಲ್ಲಿ 8152 ಅಥವಾ 2628 ಸಂಖ್ಯೆಯ ಸಂದೇಶ ಬರಬಹುದು. ಪಠ್ಯ ಕಾಲಂಗಿಂತ ಉದ್ದವಾಗಿದೆ ಎಂಬುದು ಎರಡರ ಅರ್ಥವೂ ಹೌದು. 2019ರ ಆವೃತ್ತಿಯಲ್ಲಿ ಬಳಕೆಗೆ ಬಂದ 2628 ಯಾವ ಕಾಲಂ, ಯಾವ ಪಠ್ಯ ಎಂಬುದನ್ನೂ ಹೇಳುತ್ತದೆ. ಈ ಸಂದೇಶವನ್ನು ಅಡಗಿಸಲು ಆನ್ಸಿ ವಾರ್ನಿಂಗ್ಸ್ ಸೆಟ್ಟಿಂಗ್ ಅನ್ನು ಆಫ್ ಮಾಡುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಅದನ್ನು ಮಾಡಬೇಡಿ, ಆಗ ಟೇಬಲ್ ಕೂಡ ಸದ್ದಿಲ್ಲದೆ ಕತ್ತರಿಸತೊಡಗುತ್ತದೆ.

## ಲಕ್ಷಣ: ಕನ್ನಡದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು, ಚೌಕಗಳು ಅಥವಾ ವಿಚಿತ್ರ ಅಕ್ಷರಗಳು

ಈ ಮೂರನ್ನೂ ಒಂದೇ ಎಂದು ತಿಳಿದು ಕೈ ಹಾಕುವವರು ಡೇಟಾವನ್ನು ಇನ್ನಷ್ಟು ಕೆಡಿಸುತ್ತಾರೆ. ಆದ್ದರಿಂದ ಕಾಣುತ್ತಿರುವುದೇನು ಎಂಬುದನ್ನು ನಿಧಾನವಾಗಿ ನೋಡಬೇಕು.

ಖಾಲಿ ಚೌಕಗಳು ಕಾಣುತ್ತಿದ್ದರೆ ಅದು ಫಾಂಟ್‌ನ ವಿಷಯ, ಡೇಟಾ ಸರಿಯಾಗಿರುತ್ತದೆ. ಬೇರೊಂದು ಕಂಪ್ಯೂಟರ್‌ನಲ್ಲಿ ತೆರೆದು ನೋಡುವುದೇ ಸಾಕಾದ ಪರೀಕ್ಷೆ.

ಪ್ರಶ್ನಾರ್ಥಕ ಚಿಹ್ನೆಗಳಾದರೆ ಅವನ್ನು ಎಣಿಸಿ. ‘ತುಮಕೂರು’ ಎಂಬುದಕ್ಕೆ 7 ಚಿಹ್ನೆಗಳು ಬಂದಿದ್ದರೆ, ಅಂದರೆ ಘಟಕಕ್ಕೊಂದರಂತೆ ಬಂದಿದ್ದರೆ, ಕನ್ನಡವನ್ನು ಹಿಡಿಯಲಾರದ ಪಾತ್ರೆಯಲ್ಲಿ ಅದನ್ನು ಸುರಿಯಲಾಗಿದೆ. ಖಚಿತಪಡಿಸಿಕೊಳ್ಳಲು ಯೂನಿಕೋಡ್ ಎಂಬ ಫಂಕ್ಷನ್‌ಗೆ ಆ ಪಠ್ಯವನ್ನು ಕೊಡಿ. ಅದು ಮೊದಲ ಘಟಕದ ಸಂಖ್ಯೆಯನ್ನು ಹೇಳುತ್ತದೆ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಮೀಸಲಾದ ಸಂಖ್ಯೆಗಳು 3200ರಿಂದ 3327ರವರೆಗೆ, ‘ತ’ಕಾರಕ್ಕೆ 3236. ಉತ್ತರ 63 ಎಂದು ಬಂದರೆ ಅಲ್ಲಿರುವುದು ನಿಜವಾದ ಪ್ರಶ್ನಾರ್ಥಕ ಚಿಹ್ನೆಯೇ.

ಇದಕ್ಕೆ ಕಾರಣಗಳು ಎರಡು, ಮತ್ತು ಎರಡನ್ನೂ ನೋಡಬೇಕು. ಒಂದು, ವೇರಿಯಬಲ್ ವಾರ್‌ಚಾರ್ ಆಗಿರುವುದು. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ವಾರ್‌ಚಾರ್ ಒಂದು ಅಕ್ಷರಪಟ್ಟಿಗೆ, ಅಂದರೆ ಕೋಡ್ ಪೇಜ್‌ಗೆ ಕಟ್ಟುಬಿದ್ದಿರುತ್ತದೆ, ಮತ್ತು ಕನ್ನಡಕ್ಕೆಂದು ಅಲ್ಲಿ ಕೋಡ್ ಪೇಜ್ ಇಲ್ಲ. ಆದ್ದರಿಂದ ಎನ್‌ವಾರ್‌ಚಾರ್ ಬೇಕು. ಎರಡು, ಪಠ್ಯದ ಉದ್ಧರಣ ಚಿಹ್ನೆಯ ಮುಂದೆ ದೊಡ್ಡಕ್ಷರದ ‘ಎನ್’ ಇಲ್ಲದಿರುವುದು. ವೇರಿಯಬಲ್ ಅನ್ನು ಎನ್‌ವಾರ್‌ಚಾರ್ ಎಂದು ಬದಲಾಯಿಸಿದ ಮೇಲೂ ಪ್ರಶ್ನಾರ್ಥಕಗಳು ಹೋಗಲಿಲ್ಲವೆಂದು ಕೈಚೆಲ್ಲುವವರು ಸಾಮಾನ್ಯವಾಗಿ ಈ ಎರಡನೆಯದನ್ನು ಬಿಟ್ಟಿರುತ್ತಾರೆ. ಉದ್ಧರಣದೊಳಗಿನ ಪಠ್ಯ ಮೊದಲು ತಾನೇ ಒಂದು ಪ್ರಕಾರವಾಗಿ ರೂಪುಗೊಂಡು ಆಮೇಲೆ ವೇರಿಯಬಲ್‌ಗೆ ಹೋಗುತ್ತದೆ. ‘ಎನ್’ ಇಲ್ಲದಿದ್ದರೆ ಅದು ವಾರ್‌ಚಾರ್ ಆಗಿ, ಅಲ್ಲಿಯೇ ಪ್ರಶ್ನಾರ್ಥಕವಾಗಿ ಮಾರ್ಪಟ್ಟು, ಆ ಪ್ರಶ್ನಾರ್ಥಕಗಳೇ ಎನ್‌ವಾರ್‌ಚಾರ್ ಒಳಗೆ ಭದ್ರವಾಗಿ ಕೂರುತ್ತವೆ. ಸರಿಯಾದ ಘೋಷಣೆ ಹೀಗಿರುತ್ತದೆ:

ಡಿಕ್ಲೇರ್ @ಊರು ಎನ್‌ವಾರ್‌ಚಾರ್(60) = ಎನ್'ಚಿಕ್ಕಬಳ್ಳಾಪುರ';

2019ರ ಆವೃತ್ತಿಯಿಂದ ಯುಟಿಎಫ್-8 ಕೊಲೇಷನ್‌ಗಳು ಬಂದಿರುವುದರಿಂದ, ಅಂಥ ಡೇಟಾಬೇಸ್‌ನಲ್ಲಿ ವಾರ್‌ಚಾರ್ ಕೂಡ ಕನ್ನಡವನ್ನು ಹಿಡಿಯುತ್ತದೆ. ಆದರೆ ಅಲ್ಲಿ ಆವರಣದೊಳಗಿನ ಸಂಖ್ಯೆ ಬೈಟ್‌ಗಳ ಲೆಕ್ಕ, ಮತ್ತು ಕನ್ನಡದ ಒಂದೊಂದು ಘಟಕಕ್ಕೂ 3 ಬೈಟ್ ಬೇಕು. ವಾರ್‌ಚಾರ್(20) ಎಂಬುದರಲ್ಲಿ 6 ಘಟಕಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. 13 ಘಟಕದ ‘ಚಿಕ್ಕಬಳ್ಳಾಪುರ’ಕ್ಕೆ 39 ಬೈಟ್ ಬೇಕಾಗುತ್ತದೆ.

ಮೂರನೆಯ ರೂಪ, ಯುರೋಪಿನ ಭಾಷೆಗಳ ಗುರುತುಗಳುಳ್ಳ ಅಕ್ಷರಗಳ ರಾಶಿ. ತಲೆಯ ಮೇಲೆ ಓರೆಗೆರೆಯಿರುವ ಸಣ್ಣ ‘ಎ’ ಅಕ್ಷರ ಮೂರು ಮೂರಕ್ಕೊಮ್ಮೆ ಮರುಕಳಿಸುತ್ತಿದ್ದರೆ, ಯುಟಿಎಫ್-8 ಪಠ್ಯವನ್ನು ಯಾವುದೋ ಹಂತದಲ್ಲಿ ಲ್ಯಾಟಿನ್ ಎಂದು ಓದಲಾಗಿದೆ. ಕಡತವನ್ನು ಆಮದು ಮಾಡುವಾಗಿನ ಎನ್‌ಕೋಡಿಂಗ್ ಆಯ್ಕೆಯನ್ನು ನೋಡಿ. ಹಾಗೆ ಮರುಕಳಿಸದಿದ್ದರೆ, ಅದು ನುಡಿ ಅಥವಾ ಬರಹದ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ, ಯೂನಿಕೋಡ್ ಅಲ್ಲದ ಪಠ್ಯವಿರಬಹುದು. ಕಚೇರಿಗಳ ಹಳೆಯ ಕಡತಗಳಲ್ಲಿ ಇದು ಇನ್ನೂ ಧಾರಾಳವಾಗಿದೆ. ಇಲ್ಲಿ ಘೋಷಣೆಯನ್ನು ಎಷ್ಟು ತಿದ್ದಿದರೂ ಫಲವಿಲ್ಲ. ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್‌ಗೆ ತಂದ ಮೇಲೆಯೇ ಡೇಟಾಬೇಸ್‌ಗೆ ಸೇರಿಸಬೇಕು.

ಇಲ್ಲಿ ನಿಲ್ಲಿಸಬೇಕಾದ ಜಾಗ ಒಂದಿದೆ. ಟೇಬಲ್‌ನೊಳಗೇ 63 ಎಂಬ ಉತ್ತರ ಬರುತ್ತಿದ್ದರೆ ಮೂಲ ಪಠ್ಯ ಅಳಿದುಹೋಗಿದೆ, ಅದನ್ನು ಮರಳಿ ತರುವ ಆದೇಶ ಯಾವುದೂ ಇಲ್ಲ. ಕಾಲಂನ ಪ್ರಕಾರವನ್ನು ಈಗ ಬದಲಾಯಿಸಿದರೆ ಮುಂದಿನ ನಮೂದುಗಳು ಉಳಿಯುತ್ತವೆ, ಹಿಂದಿನವು ಉಳಿಯುವುದಿಲ್ಲ. ಹೊಸ ನಮೂದುಗಳನ್ನು ತಡೆದು, ಹಳೆಯ ಬ್ಯಾಕಪ್ ಅಥವಾ ಕಾಗದದ ಲೆಡ್ಜರ್ ಯಾರ ಬಳಿ ಇದೆ ಎಂದು ಮೊದಲು ವಿಚಾರಿಸಿ.

## ಲಕ್ಷಣ: ಇಡೀ ಸಾಲು ಖಾಲಿ, ಅಥವಾ ಒಬ್ಬರ ಚೀಟಿಯಲ್ಲಿ ಇನ್ನೊಬ್ಬರ ಹೆಸರು

ಘೋಷಿಸಿ ಬೆಲೆ ಕೊಡದ ವೇರಿಯಬಲ್‌ನಲ್ಲಿ ಇರುವುದು ಖಾಲಿ ಪಠ್ಯವಲ್ಲ, ನಲ್, ಅಂದರೆ ಬೆಲೆಯೇ ಇಲ್ಲದ ಸ್ಥಿತಿ. ನಲ್‌ಗೆ + ಚಿಹ್ನೆಯಿಂದ ಏನನ್ನು ಜೋಡಿಸಿದರೂ ಫಲ ನಲ್ ಆಗುತ್ತದೆ. ಹೆಸರು, ತಂದೆಯ ಹೆಸರು, ಊರು ಮೂರನ್ನೂ ಜೋಡಿಸುವಾಗ ತಂದೆಯ ಹೆಸರೊಂದು ಇಲ್ಲದಿದ್ದರೂ ಇಡೀ ವಿಳಾಸ ಮಾಯವಾಗುವುದು ಇದರಿಂದಲೇ. 2008ರ ಆವೃತ್ತಿಯಿಂದ ಘೋಷಣೆಯ ಸಾಲಿನಲ್ಲಿಯೇ ಬೆಲೆ ಕೊಡಬಹುದು; = ಎನ್'' ಎಂದು ಆರಂಭಿಸುವುದು ಕ್ಷೇಮ. 2012ರಿಂದ ಇರುವ ಕನ್‌ಕ್ಯಾಟ್ ಫಂಕ್ಷನ್ ನಲ್ ಅನ್ನು ಖಾಲಿ ಪಠ್ಯವೆಂದೇ ಎಣಿಸುತ್ತದೆ. ಇಸ್‌ನಲ್ ಬಳಸುವವರು ಒಂದನ್ನು ಗಮನಿಸಬೇಕು: ಅದು ಮೊದಲ ಪದದ ಪ್ರಕಾರ ಮತ್ತು ಉದ್ದವನ್ನೇ ಹಿಡಿಯುವುದರಿಂದ, ಎನ್‌ವಾರ್‌ಚಾರ್(4) ವೇರಿಯಬಲ್ ನಲ್ ಆಗಿದ್ದಾಗ ‘ವಿಳಾಸ ಇಲ್ಲ’ ಎಂಬ ಬದಲಿ ಪಠ್ಯವೂ 4 ಘಟಕಕ್ಕೆ ನಿಂತು ‘ವಿಳಾ’ ಎಂದಾಗುತ್ತದೆ.

ಇದಕ್ಕಿಂತ ಗಂಭೀರವಾದದ್ದು, ಹಿಂದಿನ ರೈತರ ಹೆಸರು ಮುಂದಿನ ಚೀಟಿಯಲ್ಲಿ ಬರುವುದು. ಸೆಲೆಕ್ಟ್ @ಹೆಸರು = ಕಾಲಂ ಎಂಬ ರೂಪದಲ್ಲಿ ಬೆಲೆ ತುಂಬುವಾಗ, ಯಾವ ಸಾಲೂ ಸಿಗದಿದ್ದರೆ ವೇರಿಯಬಲ್ ತನ್ನ ಹಳೆಯ ಬೆಲೆಯನ್ನೇ ಹಿಡಿದುಕೊಂಡಿರುತ್ತದೆ. ಡಿಕ್ಲೇರ್ ಸಾಲು ಲೂಪ್‌ನ ಒಳಗೇ ಇದೆಯಲ್ಲ, ಪ್ರತಿ ಸುತ್ತಿನಲ್ಲಿ ಅದು ಹೊಸದಾಗುತ್ತದೆ ಎಂದು ನಂಬಬೇಡಿ. ಬೆಲೆ ಕೊಡದ ಡಿಕ್ಲೇರ್ ಎರಡನೆಯ ಸುತ್ತಿನಲ್ಲಿ ಏನನ್ನೂ ಅಳಿಸುವುದಿಲ್ಲ. ಪ್ರತಿ ಸುತ್ತಿನ ಆರಂಭದಲ್ಲಿ ಸೆಟ್ @ಹೆಸರು = ನಲ್ ಎಂದು ಬರೆಯಬೇಕು. ಈ ಲಕ್ಷಣ ಕಂಡ ಕೂಡಲೇ ಚೀಟಿ ಮುದ್ರಣವನ್ನು ನಿಲ್ಲಿಸಿ ಮಾಲೀಕರಿಗೆ ತಿಳಿಸಿ; ಒಬ್ಬರ ತೂಕ ಇನ್ನೊಬ್ಬರ ಹೆಸರಿಗೆ ಹೋದರೆ ಅದು ಹಣದ ತಗಾದೆಯಾಗುತ್ತದೆ.

## ಲಕ್ಷಣ: ಕಣ್ಣಿಗೆ ಎರಡೂ ಒಂದೇ, ಹುಡುಕಿದರೆ ಸಿಗುವುದಿಲ್ಲ

ವೇರಿಯಬಲ್ ಅನ್ನು ಚಾರ್ ಎಂದು ಘೋಷಿಸಲಾಗಿದೆಯೇ ಎಂದು ಮೊದಲು ನೋಡಿ. ಚಾರ್(20) ಎಂದರೆ ಪಠ್ಯ ಎಷ್ಟೇ ಚಿಕ್ಕದಿದ್ದರೂ 20ರವರೆಗೆ ಖಾಲಿ ಜಾಗ ತುಂಬಿಕೊಳ್ಳುತ್ತದೆ. ಸಮ ಚಿಹ್ನೆಯ ಹೋಲಿಕೆಯಲ್ಲಿ ಕೊನೆಯ ಖಾಲಿ ಜಾಗಗಳು ಲೆಕ್ಕಕ್ಕಿಲ್ಲ, ಆದರೆ ಲೈಕ್ ಹೋಲಿಕೆಯ ಮಾದರಿಯಲ್ಲಿ ಲೆಕ್ಕಕ್ಕಿವೆ. ಲೆನ್ ಫಂಕ್ಷನ್ ಕೊನೆಯ ಖಾಲಿ ಜಾಗವನ್ನು ಎಣಿಸದಿರುವುದರಿಂದ ಇಲ್ಲಿ ಅದು ನಿಮ್ಮನ್ನು ದಾರಿ ತಪ್ಪಿಸುತ್ತದೆ, ಡೇಟಾಲೆಂತ್ ಬಳಸಿ. ಎನ್‌ವಾರ್‌ಚಾರ್‌ನಲ್ಲಿರುವ ‘ತಿಪಟೂರು’ 14 ಬೈಟ್ ಆಗಬೇಕು. 16 ಬಂದರೆ ಒಂದು ಅಗೋಚರ ಘಟಕ ಸೇರಿಕೊಂಡಿದೆ.

ಅಗೋಚರವಾದದ್ದು ಖಾಲಿ ಜಾಗವೇ ಆಗಿರಬೇಕೆಂದಿಲ್ಲ. ಕನ್ನಡದಲ್ಲಿ ಒತ್ತಕ್ಷರವಾಗದಂತೆ ತಡೆಯಲು ಬಳಸುವ, 8204 ಸಂಖ್ಯೆಯ ಘಟಕವೂ ಕಣ್ಣಿಗೆ ಕಾಣದು. ಇನ್ನು ‘ಕೋಲಾರ’ವನ್ನೇ ನೋಡಿ. ಅದರ ‘ಕೋ’ದಲ್ಲಿರುವ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಘಟಕವಾಗಿಯೂ ಬರೆಯಬಹುದು, ಮೂರು ಘಟಕಗಳ ಜೋಡಣೆಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಒಂದರ ಉದ್ದ 5, ಇನ್ನೊಂದರದ್ದು 7. ಹೆಸರುಗಳು ಬೇರೆ ಬೇರೆ ಕೀಲಿಮಣೆ ತಂತ್ರಾಂಶಗಳಿಂದ, ಬೇರೆ ಕಡತಗಳಿಂದ ಬಂದಿದ್ದರೆ ಇದನ್ನು ಪರೀಕ್ಷಿಸಲೇಬೇಕು. ಸರಿಪಡಿಸುವ ಜಾಗ ಪಠ್ಯವನ್ನು ಸ್ವೀಕರಿಸುವ ತಂತ್ರಾಂಶ. ಅಲ್ಲಿ ಎಲ್ಲವನ್ನೂ ಒಂದೇ ಯೂನಿಕೋಡ್ ರೂಪಕ್ಕೆ ತಂದು ಆಮೇಲೆ ಡೇಟಾಬೇಸ್‌ಗೆ ಕಳಿಸಬೇಕು.

## ಲಕ್ಷಣ: ಕಟ್ಟಿದ ಉದ್ದ ಆದೇಶ ನಡುವೆಯೇ ಮುರಿಯುತ್ತದೆ

ಆದೇಶವನ್ನೇ ಸ್ಟ್ರಿಂಗ್ ಆಗಿ ಕಟ್ಟಿ ನಡೆಸುವವರಿಗೆ ಇದು ಬರುತ್ತದೆ. ಪ್ರಿಂಟ್ ಆದೇಶದಿಂದ ನೋಡಿ ತುಂಡಾಗಿದೆ ಎಂದು ತೀರ್ಮಾನಿಸಬೇಡಿ. ಎನ್‌ವಾರ್‌ಚಾರ್‌ನಲ್ಲಿ ಪ್ರಿಂಟ್ ತೋರಿಸುವುದೇ 4000 ಘಟಕಗಳನ್ನು. ಉದ್ದವನ್ನು ಲೆನ್‌ನಿಂದ ಅಳೆಯಿರಿ. ಅಲ್ಲಿಯೂ 4000 ಅಥವಾ 8000 ಬಂದರೆ ನಿಜವಾಗಿಯೂ ತುಂಡಾಗಿದೆ. ವೇರಿಯಬಲ್ ಅನ್ನು ಎನ್‌ವಾರ್‌ಚಾರ್(ಮ್ಯಾಕ್ಸ್) ಎಂದು ಘೋಷಿಸಿದ್ದರೂ, ಜೋಡಿಸುವ ತುಂಡುಗಳಲ್ಲಿ ಒಂದೂ ಮ್ಯಾಕ್ಸ್ ಆಗಿಲ್ಲದಿದ್ದರೆ, ಜೋಡಣೆ ಮುಗಿಯುವ ಮೊದಲೇ ಕತ್ತರಿ ಬೀಳುತ್ತದೆ. ಜೋಡಣೆಯ ಮೊದಲ ತುಂಡನ್ನೇ ಕಾಸ್ಟ್ ಮೂಲಕ ಎನ್‌ವಾರ್‌ಚಾರ್(ಮ್ಯಾಕ್ಸ್) ಮಾಡಿದರೆ ಸರಿಹೋಗುತ್ತದೆ.

ಎಸ್‌ಪಿ_ಎಕ್ಸಿಕ್ಯೂಟ್‌ಎಸ್‌ಕ್ಯೂಎಲ್ ನಡೆಸುವಾಗ 214 ಬಂದರೆ, ಆದೇಶದ ವೇರಿಯಬಲ್ ವಾರ್‌ಚಾರ್ ಆಗಿದೆ, ಎನ್‌ವಾರ್‌ಚಾರ್ ಮಾಡಿ. ಕಟ್ಟಿದ ಆದೇಶದ ಒಳಗಿನಿಂದ 137 ಬಂದರೆ, ಹೊರಗಿನ ವೇರಿಯಬಲ್ ಒಳಗೆ ಕಾಣುವುದಿಲ್ಲ ಎಂದರ್ಥ. ಅದನ್ನು ಪ್ಯಾರಾಮೀಟರ್ ಆಗಿ ಕೊಡಬೇಕೇ ಹೊರತು, ಅದರ ಪಠ್ಯವನ್ನು ಆದೇಶಕ್ಕೆ ಅಂಟಿಸಬಾರದು. ಬಳಕೆದಾರರು ಪರದೆಯಲ್ಲಿ ಟೈಪ್ ಮಾಡಿದ್ದನ್ನು ಆದೇಶಕ್ಕೆ ನೇರವಾಗಿ ಅಂಟಿಸಿದರೆ, ಟೇಬಲ್ ಅಳಿಸುವ ಆದೇಶವನ್ನೂ ಅವರು ಹೆಸರಿನ ಜಾಗದಲ್ಲಿ ಟೈಪ್ ಮಾಡಬಲ್ಲರು.

## ಲಕ್ಷಣ: ಉತ್ತರ ಸರಿ, ಆದರೆ ಬರುವುದು ಬಹಳ ನಿಧಾನ

ಇಂಡೆಕ್ಸ್ (ಬೇಗ ಹುಡುಕಲು ಮಾಡಿಟ್ಟ ಸೂಚಿ) ಇರುವ ವಾರ್‌ಚಾರ್ ಕಾಲಂ ಅನ್ನು ಎನ್‌ವಾರ್‌ಚಾರ್ ವೇರಿಯಬಲ್‌ನೊಂದಿಗೆ ಹೋಲಿಸಿದಾಗ, ಎನ್‌ವಾರ್‌ಚಾರ್ ಮೇಲಿನ ದರ್ಜೆಯದಾದ್ದರಿಂದ ಸರ್ವರ್ ಕಾಲಂ ಅನ್ನೇ ಪರಿವರ್ತಿಸಹೊರಡುತ್ತದೆ. ಎಸ್‌ಕ್ಯೂಎಲ್ ಎಂಬ ಪದದಿಂದ ಆರಂಭವಾಗುವ ಹೆಸರಿನ ಕೊಲೇಷನ್‌ಗಳಲ್ಲಿ ಇದರಿಂದ ಇಂಡೆಕ್ಸ್ ನಿರುಪಯೋಗಿಯಾಗಿ, ಇಡೀ ಟೇಬಲ್ ಓದಬೇಕಾಗುತ್ತದೆ. ಎಕ್ಸಿಕ್ಯೂಷನ್ ಪ್ಲಾನ್‌ನಲ್ಲಿ ಕನ್ವರ್ಟ್ ಇಂಪ್ಲಿಸಿಟ್ ಎಂಬ ಪದ ಕಾಣಿಸಿದರೆ ಇದೇ ಕಾರಣ. ಕನ್ನಡ ಬರುವ ಕಾಲಂಗಳಿಗೆ ಎನ್‌ವಾರ್‌ಚಾರ್, ಇಂಗ್ಲಿಷ್ ಸಂಕೇತಗಳ ಕಾಲಂಗೆ ಹೋಲಿಸುವ ವೇರಿಯಬಲ್‌ಗೆ ವಾರ್‌ಚಾರ್. ಎಲ್ಲಕ್ಕೂ ಒಂದೇ ಎನ್ನುವುದು ಇಲ್ಲಿ ನಡೆಯುವುದಿಲ್ಲ.

## ಬೇರೆ ಡೇಟಾಬೇಸ್‌ನಲ್ಲಿ ಇದೇ ಆದೇಶ ನಡೆಯದಿದ್ದರೆ

ಮೈಎಸ್‌ಕ್ಯೂಎಲ್‌ನಲ್ಲಿ @ ಇರುವ ವೇರಿಯಬಲ್‌ಗೆ ಘೋಷಣೆಯೇ ಇಲ್ಲ; ಡಿಕ್ಲೇರ್ ನಡೆಯುವುದು ಪ್ರೊಸೀಜರ್‌ನಂಥ ಬಿಗಿನ್–ಎಂಡ್ ಭಾಗದ ಆರಂಭದಲ್ಲಿ, @ ಇಲ್ಲದೆ. ಅಲ್ಲಿ + ಚಿಹ್ನೆ ಸಂಖ್ಯೆಗಳನ್ನು ಕೂಡುವುದಕ್ಕೆ ಮಾತ್ರ. ‘ತುಮ’ ಮತ್ತು ‘ಕೂರು’ ಕೂಡಿದರೆ 0 ಬರುತ್ತದೆ, ಕನ್‌ಕ್ಯಾಟ್ ಬಳಸಬೇಕು. ವೇರಿಯಬಲ್‌ಗೆ ಕಾಲಂನ ಹೆಸರನ್ನೇ ಇಟ್ಟರೆ ಅಪಾಯ: ಊರು = ಊರು ಎಂಬ ಷರತ್ತಿನಲ್ಲಿ ಎರಡನ್ನೂ ಅದು ವೇರಿಯಬಲ್ ಎಂದೇ ಓದಿ, ಬೆಲೆಯಿರುವ ತನಕ ಎಲ್ಲ ಸಾಲುಗಳಿಗೂ ಷರತ್ತು ನಿಜವಾಗುತ್ತದೆ. ಒರಾಕಲ್ ಅದೇ ಜಾಗದಲ್ಲಿ ಎರಡನ್ನೂ ಕಾಲಂ ಎಂದು ಓದುತ್ತದೆ. ಅಪ್‌ಡೇಟ್‌ನಲ್ಲಿ ಅನಾಹುತ ಎರಡೂ ಕಡೆ ಒಂದೇ. ಒರಾಕಲ್‌ನ ವಾರ್‌ಚಾರ್2(20) ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಬೈಟ್ ಲೆಕ್ಕವಾದ್ದರಿಂದ ಕನ್ನಡಕ್ಕೆ 20 ಚಾರ್ ಎಂದು ಬಿಡಿಸಿ ಬರೆಯಬೇಕು. ಅದು ಎಸ್‌ಕ್ಯೂಎಲ್ ಸರ್ವರ್‌ನಂತೆ ಮೌನವಾಗಿ ಕತ್ತರಿಸುವುದಿಲ್ಲ, 06502 ಸಂಖ್ಯೆಯ ದೋಷ ಎತ್ತಿ ನಿಲ್ಲುತ್ತದೆ. ನನ್ನ ಮಟ್ಟಿಗೆ ಈ ನಡತೆಯೇ ಮೇಲು.

## ಸಹಾಯ ಕೇಳುವಾಗ

ಟೇಬಲ್‌ನಲ್ಲಿ ಈಗಾಗಲೇ ಸಾಲುಗಳು ಕೆಟ್ಟಿದ್ದರೆ, ಎಷ್ಟು ಕೆಟ್ಟಿವೆ ಎಂದು ಹೇಳಲಾಗದಿದ್ದರೆ, ಅಥವಾ ಕಾಲಂನ ಪ್ರಕಾರವನ್ನೇ ಬದಲಾಯಿಸಬೇಕಾಗಿದ್ದರೆ, ಒಬ್ಬರೇ ಮುಂದುವರಿಯದೆ ಡೇಟಾಬೇಸ್ ನೋಡಿಕೊಳ್ಳುವವರನ್ನು ಕರೆಯಿರಿ. ಅವರಿಗೆ ಪರದೆಯ ಫೋಟೋ ಕಳಿಸಿದರೆ ಸಾಲದು. ಸರ್ವರ್‌ನ ಆವೃತ್ತಿ, ಡೇಟಾಬೇಸ್‌ನ ಕೊಲೇಷನ್, ಡಿಕ್ಲೇರ್ ಸಾಲು ಇದ್ದಂತೆಯೇ, ಕಾಲಂನ ಪ್ರಕಾರ ಮತ್ತು ಉದ್ದ, ಕೆಟ್ಟ ಒಂದು ಪಠ್ಯಕ್ಕೆ ಲೆನ್, ಡೇಟಾಲೆಂತ್ ಮತ್ತು ಯೂನಿಕೋಡ್ ಕೊಟ್ಟ ಮೂರು ಸಂಖ್ಯೆಗಳು, ಇಷ್ಟನ್ನು ಬರೆದು ಕಳಿಸಿ. ರೈತರ ಫೋನ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆಗಳಿರುವ ಸಾಲನ್ನು ಕಳಿಸಬೇಡಿ. ಊರಿನ ಹೆಸರಿನ ಕಾಲಂ ಒಂದೇ ಸಾಕು.